ಸೆರೆಮನೆಯ ದಫ್ತರದಲ್ಲಿ ಮೂರನೆಯ ಅಂಕಣ

ದೇವಸಮುದ್ರ ಹೋಬಳಿಯನ್ನು ಒಳಗೊಂಡ ಮೊಳಕಾಲ್ಮೂರು ತಾಲ್ಲೂಕು ಮಳೆಗೆ ಬಡವಾದರೂ ಚರಿತ್ರೆಗೆ ಸಿರಿವಂತ. ಇಲ್ಲಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿರುವ ಅಶೋಕನ ಕಿರು ಶಿಲಾಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದರು. ತಂದೆತಾಯಿಗಳಿಗೆ ವಿಧೇಯರಾಗಿರಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂಬುದು ಅವುಗಳ ಬೋಧೆ. ಇದೇ ಅರಸನ ಐದನೆಯ ಬೃಹತ್ ಶಿಲಾಶಾಸನ ನಮ್ಮ ನೆರೆಯ ಆಂಧ್ರದ ಎರ್ರಗುಡಿಯ ಬಂಡೆಗಳ ಮೇಲೂ ಇದೆ. ಸೆರೆಯಾಳುಗಳಿಗೆ ನೆರವು ನೀಡಲು, ಅವರ ಸಂಕೋಲೆ ಬಿಡಿಸಲು, ಮಕ್ಕಳೊಂದಿಗರನ್ನೂ ಪೀಡಿತರನ್ನೂ ವೃದ್ಧರನ್ನೂ ಬಿಡುಗಡೆ ಮಾಡಲು ಧರ್ಮಮಹಾಮಾತ್ರರೆಂಬ ಅಧಿಕಾರಿಗಳನ್ನು ನೇಮಿಸಿದ ಸಂಗತಿಯನ್ನು ಅದು ಹೇಳುತ್ತದೆ. ಸೆರೆಯಲ್ಲಿಟ್ಟವನ ಯೋಗಕ್ಷೇಮವೂ ಸೆರೆಯಲ್ಲಿಟ್ಟ ಅರಸನ ಹೊಣೆ ಎಂಬ ಅರಿವು ಈ ನೆಲಕ್ಕೆ ಹೊಸತಲ್ಲ.

ಆ ಹೊಣೆ ಎಲ್ಲ ಸೆರೆಯಾಳುಗಳಿಗೂ ಸಮನಾಗಿ ಸಂದಿದೆಯೇ? ಗಂಡಸರ ಕೋಣೆಗೂ ಹೆಂಗಸರ ಕೋಣೆಗೂ ಸಲ್ಲದ ಒಂದು ಜೀವ ಸೆರೆಮನೆಯ ಬಾಗಿಲಿಗೆ ಬಂದಾಗ ಏನಾಗುತ್ತದೆ? ಜಾತ್ರೆಗಳಲ್ಲಿ ಕೊಡ ಹೊತ್ತು ಬರುವ ಜೋಗತಿಯರನ್ನು ಕಂಡು ಬೆಳೆದ ನಮಗೆ ಲಿಂಗತ್ವ ಅಲ್ಪಸಂಖ್ಯಾತರು ಅಪರಿಚಿತರೇನಲ್ಲ. ನೆರೆಯ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ದೊರೆತಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಜಾತ್ರೆಯಲ್ಲಿ ಕೈಮುಗಿದವರು ಜೈಲಿನಲ್ಲಿರುವವರ ಬಗ್ಗೆ ಯೋಚಿಸುವುದು ವಿರಳ.

ನಮ್ಮ ಕಾನೂನು ಇವರನ್ನು ಮೊದಲು ಗುರುತಿಸಿದ್ದು ಶಂಕಿತರೆಂದು. ಬ್ರಿಟಿಷ್ ಸರ್ಕಾರದ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಎರಡನೆಯ ಭಾಗ ಇವರಿಗಾಗಿಯೇ ಮೀಸಲಾಗಿತ್ತು. ಮಕ್ಕಳನ್ನು ಅಪಹರಿಸುವರೆಂದೋ ಅಸಹಜ ಅಪರಾಧ ಎಸಗುವರೆಂದೋ ಶಂಕೆಗೆ ಒಳಗಾದವರ ಹೆಸರು, ವಾಸಸ್ಥಳಗಳನ್ನು ದಫ್ತರದಲ್ಲಿ ಬರೆದಿಡಬೇಕಿತ್ತು. ಹೀಗೆ ದಾಖಲಾದವರು ಹೆಣ್ಣಿನ ಉಡುಗೆ ತೊಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ ಎರಡು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಿತ್ತು. ಉಯಿಲು ಬರೆಯುವ, ದತ್ತು ತೆಗೆದುಕೊಳ್ಳುವ ಹಕ್ಕೂ ಅವರಿಗಿರಲಿಲ್ಲ. ಈ ಕಾಯಿದೆ ಮೊದಲು ಜಾರಿಯಾದದ್ದು ಉತ್ತರದ ಪ್ರಾಂತ್ಯಗಳಲ್ಲಿ. ರಾಯಚೂರು, ಕಲಬುರಗಿ, ಬೀದರ್‌ಗಳೂ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಫಸಲಿ 1329ರಲ್ಲಿ, ಅಂದರೆ 1919ರಲ್ಲಿ, ಇದೇ ಬಗೆಯ ಕಾನೂನು ಬಂತು. ತೆಲಂಗಾಣ ಹೈಕೋರ್ಟು ಅದನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿದ್ದು 2023ರಲ್ಲಿ!

ಇದು ಅನ್ಯರ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ಸ್ವತಂತ್ರ ಭಾರತದಲ್ಲಿ, 2011ರಲ್ಲಿ, ಕರ್ನಾಟಕ ಪೊಲೀಸ್ ಕಾಯಿದೆಗೆ ಸೇರಿಸಲಾದ 36-ಎ ಎಂಬ ಕಲಮು ಅದೇ ಹಳೆಯ ದಫ್ತರವನ್ನು ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ ಮತ್ತೆ ತೆರೆಯಿತು. ಹೈಕೋರ್ಟಿನಲ್ಲಿ ಅದನ್ನು ಪ್ರಶ್ನಿಸಿದ ಮೇಲೆ, 2017ರ ಹೊತ್ತಿಗೆ, ಈ ಸಮುದಾಯವನ್ನು ಹೆಸರಿಸುತ್ತಿದ್ದ ಪದ ಹೋಗಿ 'ವ್ಯಕ್ತಿಗಳು' ಎಂಬ ಪದ ಬಂತು. 1871ರ ನೆರಳು ನಮ್ಮ ಅಂಗಳದವರೆಗೂ ಚಾಚಿತ್ತು.

ವಿಚಿತ್ರವೆಂದರೆ, ಹೊರಗೆ ಇವರಿಗಾಗಿ ದಫ್ತರ ತೆರೆದ ಆಡಳಿತ ಸೆರೆಮನೆಯೊಳಗೆ ಇವರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. 1894ರ ಬಂದೀಖಾನೆ ಕಾಯಿದೆಗೆ ಗೊತ್ತಿದ್ದುದು ಗಂಡು, ಹೆಣ್ಣು ಎಂಬ ಎರಡೇ ವಿಭಾಗ. ಆದರೂ ಅದರ 37ನೆಯ ಕಲಮಿನಲ್ಲಿ ಗಮನಿಸಬೇಕಾದ ಒಂದು ಮಾತಿದೆ: ದೇಹದಲ್ಲಾಗಲಿ ಮನಸ್ಸಿನಲ್ಲಾಗಲಿ ಅಸ್ವಸ್ಥನಾಗಿ ಕಾಣುವ ಸೆರೆಯಾಳಿನ ವಿಷಯವನ್ನು ತಡಮಾಡದೆ ಜೈಲರನಿಗೆ ತಿಳಿಸಬೇಕು. ಮನಸ್ಸಿನ ಆರೈಕೆ ಇತ್ತೀಚಿನವರು ಕಂಡುಹಿಡಿದ ಸವಲತ್ತಲ್ಲ. ಪರಕೀಯರ ಕಠಿಣ ಕಾನೂನೂ ಅದನ್ನು ಮರೆತಿರಲಿಲ್ಲ.

ಈ ಹೊಣೆಯನ್ನು ನೆನಪಿಸಿದ ಮಹತ್ವದ ತೀರ್ಪೊಂದು ಹುಟ್ಟಿದ್ದು ಬೆಂಗಳೂರಿನ ಕೇಂದ್ರ ಕಾರಾಗೃಹದಿಂದ. ಅಲ್ಲಿನ ಸೆರೆಯಾಳೊಬ್ಬರು ಭಾರತದ ಮುಖ್ಯ ನ್ಯಾಯಾಧೀಶರಿಗೆ ಬರೆದ ಪತ್ರವೇ ಅರ್ಜಿಯಾಗಿ, 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ರಾಮಮೂರ್ತಿ ಮೊಕದ್ದಮೆಯ ತೀರ್ಪು ನೀಡಿತು. ಸೆರೆಮನೆಗಳನ್ನು ಕಾಡುವ ಒಂಬತ್ತು ಸಮಸ್ಯೆಗಳಲ್ಲಿ ಆರೋಗ್ಯದ ಕಡೆಗಣನೆಯನ್ನೂ ಅದು ಎಣಿಸಿತು. ಅದರ ತರ್ಕ ಸರಳ: ಸ್ವತಂತ್ರ ಪ್ರಜೆ ತನಗೆ ಬೇಕಾದ ವೈದ್ಯರ ಬಳಿಗೆ ಹೋಗಬಲ್ಲ, ಸೆರೆಯಾಳು ಹೋಗಲಾರ. ಮೇಲಾಗಿ ಸೆರೆವಾಸವೇ ಅವನನ್ನು ಹೆಚ್ಚಿನ ರೋಗಗಳಿಗೆ ಒಡ್ಡುತ್ತದೆ. ಆದುದರಿಂದ ಸಮಾಜದ ಹೊಣೆ ಇಮ್ಮಡಿಯಾಗುತ್ತದೆ.

ಹೊರೆ ಎಷ್ಟು ದೊಡ್ಡದೆಂಬುದನ್ನು ನಿಮ್ಹಾನ್ಸ್ ತಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಪರಪ್ಪನ ಅಗ್ರಹಾರದ 5,024 ಸೆರೆಯಾಳುಗಳನ್ನು ಪರಿಶೀಲಿಸಿದಾಗ, ಮಾದಕ ವ್ಯಸನವನ್ನು ಬದಿಗಿಟ್ಟರೂ ಶೇಕಡಾ 27.6 ಮಂದಿಯಲ್ಲಿ ಮಾನಸಿಕ ಕಾಯಿಲೆ ಕಂಡುಬಂದಿತ್ತು. ಸಾಮಾನ್ಯ ಸೆರೆಯಾಳುಗಳ ಪಾಡೇ ಹೀಗಿದ್ದರೆ, ಮನೆಯವರೂ ದೂರವಾಗಿ, ಒಳಗೆ ಪರಿಹಾಸ್ಯಕ್ಕೂ ಹಲ್ಲೆಗೂ ಈಡಾಗುವವರ ಪಾಡೇನು? ರಕ್ಷಣೆಯ ಹೆಸರಿನಲ್ಲಿ ಒಂಟಿ ಕೋಣೆಗೆ ಹಾಕಿದರೆ ಖಿನ್ನತೆ ಇನ್ನಷ್ಟು ಹೆಚ್ಚುತ್ತದೆ. ಹಾರ್ಮೋನ್ ಚಿಕಿತ್ಸೆಯಲ್ಲಿದ್ದವರಿಗೆ ಬಂಧನದೊಂದಿಗೆ ಔಷಧಿಯೂ ನಿಂತುಹೋದರೆ ದೇಹ, ಮನಸ್ಸು ಎರಡೂ ಕುಸಿಯುತ್ತವೆ. ಶಸ್ತ್ರಕ್ರಿಯೆಯಾದವರಿಗೆ ದೀರ್ಘಕಾಲ ಹಾರ್ಮೋನ್ ದೊರೆಯದಿದ್ದರೆ ಮೂಳೆಗಳೇ ಸವೆಯುತ್ತವೆ. ನುರಿಯದವರ ಕತ್ತರಿಗೆ ಮೈಯೊಡ್ಡಿದವರನ್ನು ಮೂತ್ರನಾಳದ ಬಾಧೆ ವರ್ಷಗಟ್ಟಲೆ ಕಾಡಬಹುದು. ಇವು ಅಲಂಕಾರದ ಬೇಡಿಕೆಗಳಲ್ಲ.

2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯ ನಾಲ್ಸಾ ಮೊಕದ್ದಮೆಯಲ್ಲಿ ಇವರನ್ನು ತೃತೀಯ ಲಿಂಗಿಗಳೆಂದು ಮಾನ್ಯ ಮಾಡಿತು. ಆಸ್ಪತ್ರೆಗಳಲ್ಲಿ ಇವರಿಗೆ ತಕ್ಕ ಚಿಕಿತ್ಸೆ ದೊರೆಯಬೇಕೆಂದು ಆದೇಶಿಸಿತು; ಭಯ, ನಾಚಿಕೆ, ಖಿನ್ನತೆ, ಆತ್ಮಹತ್ಯೆಯ ಪ್ರವೃತ್ತಿಗಳನ್ನು ಸರ್ಕಾರಗಳು ಗಂಭೀರವಾಗಿ ಪರಿಗಣಿಸಬೇಕೆಂದಿತು. ಅನಂತರ ಮೂರು ಹೆಜ್ಜೆಗಳು ಬಂದವು. 2017ರ ಮಾನಸಿಕ ಆರೋಗ್ಯ ಕಾಯಿದೆ ಪ್ರತಿ ರಾಜ್ಯದ ಕನಿಷ್ಠ ಒಂದು ಸೆರೆಮನೆಯಲ್ಲಿ ಮಾನಸಿಕ ಚಿಕಿತ್ಸಾ ಕೇಂದ್ರವಿರಬೇಕೆಂದಿತು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯಿದೆ, ತನ್ನ 15ನೆಯ ಕಲಮಿನಲ್ಲಿ, ಹಾರ್ಮೋನ್ ಚಿಕಿತ್ಸೆ, ಶಸ್ತ್ರಕ್ರಿಯೆ, ಆಪ್ತಸಮಾಲೋಚನೆಗಳನ್ನು ಒದಗಿಸುವ ಹೊಣೆಯನ್ನು ಸರ್ಕಾರಗಳಿಗೆ ವಹಿಸಿತು. 2022ರ ಜನವರಿ 10ರಂದು ಕೇಂದ್ರ ಗೃಹಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು, ಸೆರೆಮನೆಗಳಲ್ಲಿ ಇವರಿಗೆ ಪ್ರತ್ಯೇಕ ವಸತಿ, ಖಾಸಗಿತನ, ತಾರತಮ್ಯವಿಲ್ಲದ ಚಿಕಿತ್ಸೆ, ಪ್ರವೇಶ ದಫ್ತರದಲ್ಲಿ ಮೂರನೆಯ ಅಂಕಣ ಇವೆಲ್ಲ ಇರಬೇಕೆಂದು ಸಲಹೆ ನೀಡಿತು. ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರ ತನ್ನ ಸೆರೆಮನೆ ಅಂಕಿಅಂಶಗಳಲ್ಲಿ ಇವರನ್ನು ಬೇರೆಯಾಗಿ ಎಣಿಸತೊಡಗಿದ್ದು 2020ರ ವರದಿಯಿಂದ. ಆಗ 4,88,511 ಸೆರೆಯಾಳುಗಳಲ್ಲಿ ಇವರ ಸಂಖ್ಯೆ ಕೇವಲ 70!

ಆದರೆ ಈ ಮೂರೂ ಹೆಜ್ಜೆಗಳು ಒಂದೆಡೆ ಕೂಡುವುದಿಲ್ಲ. ಮೊದಲನೆಯದು ಸೆರೆಯಾಳಿನ ಮನಸ್ಸನ್ನು ಕುರಿತು ಹೇಳಿತು, ಅವನ ಲಿಂಗತ್ವದ ವಿಶೇಷ ಸಂಕಟವನ್ನು ಹೇಳಲಿಲ್ಲ. ಎರಡನೆಯದು ಲಿಂಗತ್ವದ ಚಿಕಿತ್ಸೆಯನ್ನು ಹೇಳಿತು, ಸೆರೆಮನೆಗೆಂದು ಪ್ರತ್ಯೇಕ ಕಲಮನ್ನು ಬರೆಯಲಿಲ್ಲ. ಮೂರನೆಯದು ಎರಡನ್ನೂ ಮುಟ್ಟಿತು. ಆದರೆ ಬಂದೀಖಾನೆ ರಾಜ್ಯಪಟ್ಟಿಯ ವಿಷಯವಾದುದರಿಂದ ಅದು ಸಲಹೆಯೇ ಹೊರತು ಕಟ್ಟಳೆಯಲ್ಲ. ಸೆರೆಯಾಳುಗಳಿಗೂ ಹೊರಗಿನವರಷ್ಟೇ ಗುಣಮಟ್ಟದ ಚಿಕಿತ್ಸೆ ಸಲ್ಲಬೇಕೆಂದು ವಿಶ್ವಸಂಸ್ಥೆಯ ಮಂಡೇಲಾ ನಿಯಮಗಳು 2015ರಲ್ಲಿ ಸಾರಿದವು. ಹಕ್ಕು ಕಾಗದದ ಮೇಲಿದ್ದರೂ, ಅದನ್ನು ಕೇಳಿ ಪಡೆಯಬೇಕಾದವರು ಬೀಗದ ಒಳಗಿದ್ದಾರೆ.

ನಮ್ಮ ಧರ್ಮಸಭೆಗೂ ಇಲ್ಲಿ ಒಂದು ಪ್ರಶ್ನೆಯಿದೆ; ಅದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ವ್ಯಾಟಿಕನ್ 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿದ 'ಡಿಗ್ನಿತಾಸ್ ಇನ್ಫಿನಿತಾ' ಲಿಂಗ ಪರಿವರ್ತನೆಯ ಕುರಿತು ಸ್ಪಷ್ಟವಾದ ಆಕ್ಷೇಪವನ್ನು ದಾಖಲಿಸಿದೆ. ಅದೇ ದಾಖಲೆ ಯಾವ ಪರಿಸ್ಥಿತಿಯೂ ಮಾನವನ ಘನತೆಯನ್ನು ಅಳಿಸಲಾರದೆಂಬ ತಳಹದಿಯ ಮೇಲೆ ನಿಂತಿದೆ. ಬೋಧನೆಯ ಚರ್ಚೆ ನಡೆಯಬೇಕಾದ ಕಡೆ ನಡೆಯಲಿ. ಆದರೆ ಕೊರಗುತ್ತಿರುವ ಸೆರೆಯಾಳಿಗೆ ವೈದ್ಯರನ್ನೂ ಸಾಂತ್ವನದ ಮಾತನ್ನೂ ನಿರಾಕರಿಸಲು ಆ ಚರ್ಚೆ ನೆಪವಾಗಬಾರದು. ಪ್ರೇಷಿತರ ಕಾರ್ಯಕಲಾಪಗಳ ಎಂಟನೆಯ ಅಧ್ಯಾಯದಲ್ಲಿ ಫಿಲಿಪ್ಪನು ಇಥಿಯೋಪಿಯದ ಕಂಚುಕಿಯನ್ನು ಕಂಡಾಗ ಮೊದಲು ಮಾಡಿದ್ದು ತೀರ್ಪಲ್ಲ. ಅವನ ರಥದ ಬಳಿಗೆ ಓಡಿಹೋಗಿ, ಅವನ ಪಕ್ಕದಲ್ಲಿ ಕುಳಿತದ್ದು.

ಒಂದು ಕಾಲದ ದಫ್ತರ ಇವರನ್ನು ಬೇಟೆಯಾಡಲು ಬರೆದದ್ದು. ಈಗಿನ ಮೂರನೆಯ ಅಂಕಣ ಆರೈಕೆಗಾಗಿ ಇರಬೇಕಾದದ್ದು. ಎರಡರಲ್ಲೂ ಬರೆಯುವುದು ಅದೇ ಹೆಸರು. ಬೇರೆಯಾಗಬೇಕಾದದ್ದು ಬರೆಯುವವರ ಉದ್ದೇಶ. ಆ ಅಂಕಣದಲ್ಲಿ ಹೆಸರು ಬಿದ್ದ ದಿನವೇ ವೈದ್ಯರ ಭೇಟಿಯೂ ದಾಖಲಾದರೆ, ಅಶೋಕನ ಬಂಡೆಯ ಮಾತು ಎರಡು ಸಾವಿರ ವರ್ಷಗಳ ಮೇಲಾದರೂ ನಮ್ಮ ಸೆರೆಮನೆಯ ಬಾಗಿಲನ್ನು ತಲುಪಿತೆಂದು ಹೇಳಬಹುದು.