ಮೂವತ್ತು ದಾಟಿದವರಿಗೂ ಮೈದಾನ

ನಮ್ಮ ಕಲಬುರಗಿ ಸೀಮೆಯಲ್ಲಿ ಆಟ ಕಲಿಸುವುದು ಸಂಬಳದ ಕೆಲಸವಾದದ್ದು ಈಚೆಗೆ. ತಾಲೀಮಿನಲ್ಲಿ ಹುಡುಗರಿಗೆ ಪಟ್ಟು ಹೇಳಿಕೊಡುತ್ತಿದ್ದ ವಸ್ತಾದರು ಹೊಲಮನೆ ನೋಡಿಕೊಂಡೇ ನಸುಕಿನಲ್ಲಿ ಕಣಕ್ಕೆ ಬರುತ್ತಿದ್ದರು. ಜಾತ್ರೆಯ ಜಂಗಿ ಕುಸ್ತಿ, ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ ಇಂಥವರಿಂದಲೇ ಉಳಿದು ಬಂದವು. ನಮ್ಮ ಶರಣಸಿರಸಗಿಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಆ ಕಣದ ಸುತ್ತ ನಿಂತವರಲ್ಲಿ ಒಬ್ಬ ಇರುತ್ತಿದ್ದ. ಮಾತು ತಡವಾಗಿ ಬಂದವನು, ಶಾಲೆಯಲ್ಲಿ ಒಂದೆರಡು ವರ್ಷ ಕೂತು ಬಿಟ್ಟವನು, ಮೂವತ್ತಾದರೂ ಊರವರ ಬಾಯಲ್ಲಿ ಹುಡುಗನಾಗಿಯೇ ಉಳಿದವನು. ಗೆದ್ದವರಿಗೆ ಚಪ್ಪಾಳೆ ತಟ್ಟುವುದಷ್ಟೇ ಅವನ ಪಾಲಿಗಿತ್ತು. ಅಂಥವನನ್ನು ಕಣಕ್ಕಿಳಿಸಿದ ಚರಿತ್ರೆಯೊಂದು ಬೇರೆ ಕಡೆ ನಡೆದಿದೆ. ನಮ್ಮ ಊರಿನ ಸಂಚಿಕೆಯಲ್ಲಿ ಅದು ದಾಖಲಾಗಬೇಕೆಂಬುದು ನನ್ನ ಬಹುದಿನದ ಆಸೆ.

1960ರ ದಶಕದ ಆರಂಭದಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಫ್ರಾಂಕ್ ಹೇಡನ್ ಬೌದ್ಧಿಕ ಅಂಗವೈಕಲ್ಯವುಳ್ಳ ಮಕ್ಕಳ ದೇಹಶಕ್ತಿಯನ್ನು ಅಳೆದು ನೋಡಿದರು. ಓರಗೆಯವರಿಗಿಂತ ಅವರು ಬಹಳ ಹಿಂದಿದ್ದರು. ಅದು ಹುಟ್ಟಿನಿಂದ ಬಂದ ಕೊರತೆ ಎಂದು ಬಲ್ಲವರೂ ನಂಬಿದ್ದ ಕಾಲ. ಹೇಡನ್ ಆ ಮಕ್ಕಳಿಗೆ ನಿಯಮಿತವಾಗಿ ವ್ಯಾಯಾಮ ಮಾಡಿಸಿದರು, ಶಕ್ತಿ ಬೆಳೆಯಿತು. ಓಡಲು ಆಗದ್ದಕ್ಕೆ ಅವರು ಹಿಂದುಳಿದಿರಲಿಲ್ಲ, ಯಾರೂ ಓಡಿಸದ್ದಕ್ಕೆ ಹಿಂದುಳಿದಿದ್ದರು. ಸ್ಪೆಷಲ್ ಒಲಿಂಪಿಕ್ಸ್ ಚಳವಳಿಯ ಬೇರು ಇಲ್ಲಿದೆ ಎಂದು ನಾನು ತಿಳಿದಿದ್ದೇನೆ. ಪದಕ, ಮೆರವಣಿಗೆ ಎಲ್ಲ ಆಮೇಲಿನ ಮಾತು.

ಅದೇ ಹೊತ್ತಿಗೆ, 1962ರಲ್ಲಿ, ಅಮೆರಿಕದ ಮೇರಿಲ್ಯಾಂಡಿನಲ್ಲಿ ಯೂನಿಸ್ ಕೆನಡಿ ಶ್ರೈವರ್ ತಮ್ಮ ಮನೆಯ ಅಂಗಳದಲ್ಲೇ ಇಂಥ ಮಕ್ಕಳಿಗೆ ಬೇಸಿಗೆ ಶಿಬಿರ ತೆರೆದರು. ಅವರ ಅಕ್ಕ ರೋಸ್‌ಮೇರಿಗೂ ಬೌದ್ಧಿಕ ಅಂಗವೈಕಲ್ಯವಿತ್ತು. ಶಿಬಿರದಲ್ಲಿ ಆಡಿಸಲು ಬಂದವರು ಹೈಸ್ಕೂಲು, ಕಾಲೇಜಿನ ಹುಡುಗ ಹುಡುಗಿಯರು. ಮುಂದೆ ಷಿಕಾಗೊ ನಗರದ ಉದ್ಯಾನ ಇಲಾಖೆಯಲ್ಲಿ ದೈಹಿಕ ಶಿಕ್ಷಕಿಯಾಗಿದ್ದ ಆ್ಯನ್ ಮೆಕ್‌ಗ್ಲೋನ್, ಊರಿನ ಇಂಥ ಮಕ್ಕಳಿಗೊಂದು ಕ್ರೀಡಾಕೂಟ ಮಾಡೋಣ ಎಂದು ಶ್ರೈವರ್ ಅವರಿಗೆ ಬರೆದರು. 1968ರ ಜುಲೈ 20ರಂದು ಷಿಕಾಗೊದ ಸೋಲ್ಜರ್ ಫೀಲ್ಡಿನಲ್ಲಿ ಸುಮಾರು 1,000 ಕ್ರೀಡಾಪಟುಗಳು ಸೇರಿದರು. ಸ್ಪೆಷಲ್ ಒಲಿಂಪಿಕ್ಸ್ ಶುರುವಾದದ್ದು ಹೀಗೆ. ಒಬ್ಬ ದೈಹಿಕ ಶಿಕ್ಷಕಿಯ ಯೋಚನೆಯಿಂದ ಇಷ್ಟು ದೊಡ್ಡ ಕೆಲಸ ಎದ್ದಿತೆಂಬುದನ್ನು ನಮ್ಮ ತಾಲ್ಲೂಕಿನ ದೈಹಿಕ ಶಿಕ್ಷಕರು ನೆನಪಿಟ್ಟುಕೊಳ್ಳಬೇಕು.

ನಮ್ಮ ದೇಶದಲ್ಲಿ ಸ್ಪೆಷಲ್ ಒಲಿಂಪಿಕ್ಸ್ ಭಾರತ್ 2001ರಲ್ಲಿ ನೋಂದಣಿಯಾಯಿತು. 2023ರ ಜೂನ್‌ನಲ್ಲಿ ಬರ್ಲಿನ್ನಿನ ವಿಶ್ವಕೂಟದಿಂದ ಭಾರತದ ತಂಡ 76 ಚಿನ್ನ ಸೇರಿ 202 ಪದಕ ತಂದಿತು. ಪತ್ರಿಕೆಗಳಲ್ಲಿ ಒಂದು ದಿನದ ಸುದ್ದಿಯಾಗಿ ಅದು ಮುಗಿಯಿತು.

ನನಗೆ ಮುಖ್ಯವೆನಿಸುವುದು ಸ್ಪೆಷಲ್ ಒಲಿಂಪಿಕ್ಸ್ ನಿಯಮಪುಸ್ತಕದ ಒಂದು ಸಣ್ಣ ಸಂಗತಿ. ಸ್ಪರ್ಧೆಗೆ 8 ವರ್ಷ ತುಂಬಿರಬೇಕು. ಮೇಲಿನ ಮಿತಿ ಇಲ್ಲವೇ ಇಲ್ಲ. ವೈಯಕ್ತಿಕ ಆಟಗಳ ವಯೋಗುಂಪುಗಳಲ್ಲಿ ಕೊನೆಯದು 30 ಮತ್ತು ಮೇಲ್ಪಟ್ಟವರದು. ನಮ್ಮಲ್ಲಿ ಎಡವುವುದು ಇಲ್ಲೇ. ವಿಶೇಷ ಶಾಲೆಗೆ ಹೋಗುವತನಕ ಮಕ್ಕಳಿಗೆ ಓಟವೋ ಚೆಂಡೋ ಒಂದಿಷ್ಟಿರುತ್ತದೆ. ಹದಿನೆಂಟು ದಾಟಿ ಶಾಲೆ ಬಿಟ್ಟರೆ ಮನೆ, ಕಟ್ಟೆ, ಟಿ.ವಿ. ಮೈದಾನಕ್ಕೆ ಕಳಿಸಿ ಅಂದರೆ, ‘ದೊಡ್ಡಾಂವ ಆಗ್ಯಾನ್ರಿ, ಇನ್ನೇನ್ ಆಟ?’ ಅನ್ನುತ್ತಾರೆ ಅವ್ವಂದಿರು. ಅವರ ಭಯ ನನಗೆ ಅರ್ಥವಾಗುತ್ತದೆ: ಯಾರಾದರೂ ನಕ್ಕಾರು, ಬಿದ್ದಾನು, ಫಿಟ್ಸ್ ಬಂದೀತು. ಆದರೆ ಮೈ ಬೆಳೆದು, ತೂಕ ಏರಿ, ಸಕ್ಕರೆ ಕಾಯಿಲೆ ಹತ್ತಿರ ಬರುವ ವಯಸ್ಸಿನಲ್ಲಿಯೇ ಓಡಾಟ ನಿಂತರೆ ಗತಿಯೇನು?

ಸ್ವಯಂಸೇವಕ ತರಬೇತುದಾರ ಬೇಕಾಗಿರುವುದು ಈ ವಯಸ್ಸಿನವರಿಗೆ. ಅವನ ಕೆಲಸ ಹೇಗಿರುತ್ತದೆಂದು ಒಂದು ಆಟದಿಂದ ಹೇಳುತ್ತೇನೆ. ಬೋಚಿ ಎಂಬ ಆಟವಿದೆ. 60 ಅಡಿ ಉದ್ದ, 12 ಅಡಿ ಅಗಲದ ಅಂಕಣ. ಮೊದಲು ಒಂದು ಚಿಕ್ಕ ಚೆಂಡು ಉರುಳಿಸಿ, ಎರಡೂ ಕಡೆಯವರು ನಾಲ್ಕು ನಾಲ್ಕು ದೊಡ್ಡ ಚೆಂಡುಗಳನ್ನು ಅದರ ಹತ್ತಿರಕ್ಕೆ ಉರುಳಿಸಬೇಕು. ಗೋಲಿಯಾಡಿದ ಕೈಗೆ ಇದರ ಲೆಕ್ಕ ತಾನೇ ಹತ್ತುತ್ತದೆ. ಕಲಿಸುವವನು ಮೊದಲು ಆಟಗಾರನ ಕೈಮೇಲೆ ಕೈಯಿಟ್ಟು ಉರುಳಿಸುತ್ತಾನೆ. ಆಮೇಲೆ ಮೊಣಕೈ ಮುಟ್ಟಿದರೆ ಸಾಕಾಗುತ್ತದೆ. ಆಮೇಲೆ ಬರೀ ಬೆರಳು ತೋರಿಸುವುದು. ಆಮೇಲೆ ಅದೂ ಬೇಡ. ಮಾತೂ ಹಾಗೆಯೇ: ‘ನೋಡ್ರಿ. ಬಗ್ರಿ. ಬಿಡ್ರಿ.’ ಒಂದು ಸಲಕ್ಕೆ ಒಂದೇ ಮಾತು, ಹೇಳಿದ ಮೇಲೆ ಕಾಯಬೇಕು. ಕಾಯಲಾರದವರು ಈ ಕೆಲಸಕ್ಕೆ ಬರಬಾರದೆಂದೇ ನನ್ನ ಅಭಿಪ್ರಾಯ. ಓಟದಲ್ಲಿ ಬಹಳ ಜನ ಗೆರೆ ಕಂಡ ಕೂಡಲೇ ನಿಂತುಬಿಡುತ್ತಾರೆ. ಅದಕ್ಕೆ ಕಲಿಸುವವನು ಗೆರೆಯಿಂದ ಹತ್ತು ಹೆಜ್ಜೆ ಆಚೆ ನಿಂತು ಹೆಸರು ಹಿಡಿದು ಕೂಗಬೇಕು. ಸೀಟಿಯ ಸದ್ದಿಗೆ ಬೆಚ್ಚಿ ಕಿವಿ ಮುಚ್ಚಿಕೊಳ್ಳುವವರಿಗೆ ಬಾವುಟ ಬೀಸಿದರಾಯಿತು.

ಸ್ಪರ್ಧೆಗೆ ಮೊದಲು ಕನಿಷ್ಠ 8 ವಾರದ ಅಭ್ಯಾಸ ಆಗಿರಬೇಕು. ಪೂರ್ವಭಾವಿ ಓಟದ ವೇಳೆ ನೋಡಿ ಸಮಬಲದವರನ್ನೇ ಒಂದು ಗುಂಪು ಮಾಡುತ್ತಾರೆ. ಹೀಗಾಗಿ ನಿಧಾನ ನಡೆಯುವವರಿಗೂ ನಿಜವಾದ ಪೈಪೋಟಿ ಸಿಗುತ್ತದೆ. ಕರುಣೆಗಾಗಿ ಕೊಡುವ ಬಹುಮಾನಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ದೇಹದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಕತ್ತಿನ ಮೇಲಿನ ಎರಡು ಮೂಳೆಗಳ ಕೀಲು ಸಡಿಲವಿರುತ್ತದೆ. ಅಂಥವರಿಗೆ ಚೆಂಡಿಗೆ ತಲೆ ಕೊಡುವುದು, ನೀರಿಗೆ ತಲೆಕೆಳಗಾಗಿ ಧುಮುಕುವುದು ಕೂಡದು. ವೈದ್ಯರ ಒಪ್ಪಿಗೆ ಇಲ್ಲದೆ ಭಾರವನ್ನೂ ಎತ್ತಿಸಬಾರದು. ಫಿಟ್ಸ್‌ಗೆ, ಮಾನಸಿಕ ತೊಂದರೆಗೆ ಕೊಡುವ ಕೆಲವು ಮಾತ್ರೆಗಳು ಬೆವರನ್ನು ಕಡಿಮೆ ಮಾಡುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನ ಬಿಸಿಲಿಗೆ ಇದು ಹುಡುಗಾಟದ ಮಾತಲ್ಲ. ಬಾಯಾರಿದೆ ಎಂದು ಕೆಲವರು ಹೇಳುವುದೇ ಇಲ್ಲ. ಕೇಳದಿದ್ದರೂ ನೀರು ಕೊಡುತ್ತಿರಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಕಲಮು ಕ್ರೀಡೆಯಲ್ಲಿ ಅವರು ಪಾಲ್ಗೊಳ್ಳುವಂತೆ ಮಾಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಹೊಣೆ ಸರ್ಕಾರದ್ದಿರಬಹುದು, ಸಂಜೆ ಐದಕ್ಕೆ ಚೆಂಡು ಹಿಡಿದು ನಿಲ್ಲುವವರು ಊರವರೇ ಆಗಬೇಕು. ಕಮಲಾಪುರದ ಕಡೆಯ ಹಳ್ಳಿಯವರನ್ನು ಹುಮನಾಬಾದ್ ರಸ್ತೆ ಹಿಡಿದು ನಗರದ ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ದಿನವೂ ಕರೆತರುವುದು ಆಗದ ಮಾತು. ರಿಯಾಯಿತಿ ಬಸ್ ಪಾಸ್ ಇದ್ದರೂ ಜೊತೆಗೆ ಬರುವವರ ದಿನಗೂಲಿ ಹೋಗುತ್ತದೆ. ಅದಕ್ಕೇ ಆಟ ಅವರವರ ಊರಿನಲ್ಲೇ ನಡೆಯಬೇಕು.

ಯಾವ ಮನೆಯಲ್ಲಿ ಯಾರಿದ್ದಾರೆಂದು ಹುಡುಕುತ್ತ ಅಲೆಯಬೇಕಿಲ್ಲ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಬೇಕು. ಮಾಸಾಶನ, ಗುರುತಿನ ಚೀಟಿಗೆಂದು ಮನೆಮನೆ ತಿರುಗಿದವರು ಅವರು. ಕಬಡ್ಡಿ ಆಡುವ ನಮ್ಮ ಹುಡುಗರು ಯೂನಿಫೈಡ್ ತಂಡಕ್ಕೆ ಬರಬಹುದು. ಅಂಗವೈಕಲ್ಯ ಇರುವವರೂ ಇಲ್ಲದವರೂ ಅದರಲ್ಲಿ ಒಂದೇ ತಂಡವಾಗಿ ಆಡುತ್ತಾರೆ. ಪ್ರಯಾಣಕ್ಕೆ ಹೋದರೆ ನಾಲ್ವರು ಆಟಗಾರರಿಗೆ ಒಬ್ಬರು ಜೊತೆಗಿರಬೇಕೆಂಬ ನಿಯಮವಿದೆ. ಹನ್ನೆರಡು ಜನರ ಗುಂಪಿಗೆ ಮೂವರು ಸಾಕು. ದಸರೆಯ ನಂತರ ಬಿಸಿಲು ಇಳಿಯುತ್ತದೆ. ಶರಣಸಿರಸಗಿಯಲ್ಲಿ ಅಷ್ಟರೊಳಗೆ 60 ಅಡಿಯ ಒಂದು ಜಾಗ ಸಮತಟ್ಟು ಮಾಡಿ ಸುಣ್ಣದ ಗೆರೆ ಎಳೆದರೆ, ಶಿವರಾತ್ರಿಯತನಕ ಆಡಿಸಲು ಸಮಯ ಸಿಗುತ್ತದೆ.