ಆರೋಗ್ಯ ಇಲಾಖೆಯ ಸಮುದಾಯ ಸೇವೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯು ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ, ಆಸ್ಪತ್ರೆಯ ಆವರಣದಿಂದಾಚೆಗೆ ಹಳ್ಳಿ, ಹಟ್ಟಿ ಮತ್ತು ತಾಂಡಗಳವರೆಗೆ ಹೋಗಿ ನಡೆಸುತ್ತಿರುವ ರೋಗನಿವಾರಣೆ, ಮಾತೃಶಿಶು ಸಂರಕ್ಷಣೆ, ಆರೋಗ್ಯ ಶಿಕ್ಷಣ ಮೊದಲಾದ ಕಾರ್ಯಗಳೂ ಅವನ್ನು ಹೊತ್ತು ನಡೆಸುವ ಸಿಬ್ಬಂದಿಯ ವ್ಯವಸ್ಥೆಯೂ ಈ ಲೇಖನದ ವಿಷಯ. ದಾವಣಗೆರೆ ಜಿಲ್ಲೆಯು 1997ರ ಆಗಸ್ಟ್ 15ರಂದು ಅಸ್ತಿತ್ವಕ್ಕೆ ಬಂದಾಗ ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ, ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಿಂದಲೂ ಬಂದು ಸೇರಿದವು. ಅದುವರೆಗೆ ಹೊನ್ನಾಳಿಯ ಅಂಗವಾಗಿದ್ದ ನ್ಯಾಮತಿಯು ಪ್ರತ್ಯೇಕ ತಾಲ್ಲೂಕಾದದ್ದು 2018ರಲ್ಲಿ. ಭದ್ರಾ ಕಾಲುವೆ ಮತ್ತು ಸೂಳೆಕೆರೆಯ ನೀರನ್ನುಂಡು ಅಡಿಕೆಯನ್ನೂ ಭತ್ತವನ್ನೂ ಬೆಳೆಯುವ ಚನ್ನಗಿರಿ, ತುಂಗಭದ್ರೆಯ ದಡದ ಹೊನ್ನಾಳಿ, ಮಲೆನಾಡಿನ ಸೆರಗನ್ನು ಮುಟ್ಟುವ ನ್ಯಾಮತಿ, ಮಳೆಯ ಅಭಾವವನ್ನೇ ತಲೆಮಾರುಗಳಿಂದ ಕಂಡ ಜಗಳೂರು, ಇವುಗಳ ನೆಲ ಬೇರೆ, ನೀರು ಬೇರೆ. ಆದುದರಿಂದಲೇ ಇಲ್ಲಿಯ ಜನರನ್ನು ಬಾಧಿಸುವ ವ್ಯಾಧಿಗಳೂ ಅವುಗಳನ್ನು ಎದುರಿಸುವ ಕ್ರಮವೂ ಒಂದೇ ಬಗೆಯವಾಗಿಲ್ಲ.

ಈ ನಾಲ್ಕು ಪ್ರದೇಶಗಳೂ ಹಳೆಯ ಮೈಸೂರು ಸಂಸ್ಥಾನಕ್ಕೆ ಸೇರಿದ್ದವಾದ್ದರಿಂದ ಇಲ್ಲಿಯ ಆರೋಗ್ಯ ಸೇವೆಯ ಮೂಲವನ್ನು ಆ ಸಂಸ್ಥಾನದ ಆಡಳಿತದಲ್ಲಿಯೇ ಅರಸಬೇಕು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿಯೇ ಮೈಸೂರಿನ ಅರಮನೆಯು ಸಿಡುಬಿನ ಲಸಿಕೆಯನ್ನು ಸ್ವೀಕರಿಸಿ ಪ್ರಜೆಗಳಿಗೆ ಮೇಲ್ಪಂಕ್ತಿಯಾಗಿತ್ತು. 1898ರಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗು ನೈರ್ಮಲ್ಯವು ರಾಜ್ಯದ ಹೊಣೆಯೆಂಬುದನ್ನು ಮನಗಾಣಿಸಿತು. ಸಂಸ್ಥಾನದ ಸಾರ್ವಜನಿಕ ಆರೋಗ್ಯ ಇಲಾಖೆಯು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನೊಂದಿಗೆ 1929ರಲ್ಲಿ ಸುವ್ಯವಸ್ಥಿತವಾಯಿತು. ಮಂಡ್ಯದಲ್ಲಿ ಗ್ರಾಮಾಂತರ ಆರೋಗ್ಯ ಘಟಕವೊಂದು ತಲೆಯೆತ್ತಿತು. ಮಾರಿಕಣಿವೆಯ ನೀರಾವರಿಯೊಡನೆ ಹಬ್ಬಿದ ಮಲೇರಿಯಾದ ಅಧ್ಯಯನಕ್ಕಾಗಿ ಹಿರಿಯೂರಿನಲ್ಲಿ ಕೇಂದ್ರವೊಂದು ಸ್ಥಾಪಿತವಾಯಿತು. ಸರ್ಕಾರವೇ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಬಹುದೆಂದು 1930ರಲ್ಲಿ ತೀರ್ಮಾನಿಸಿದ ಮೈಸೂರು, ಈ ವಿಷಯದಲ್ಲಿ ಲೋಕಕ್ಕೇ ಮೊದಲಿಗನೆಂದು ಪರಿಗಣಿತವಾಗಿದೆ. ಸ್ವಾತಂತ್ರ್ಯಾನಂತರ, 1946ರ ಭೋರ್ ಸಮಿತಿಯ ವರದಿಯನ್ನು ಆಧರಿಸಿ, ಸಮುದಾಯ ಅಭಿವೃದ್ಧಿ ಯೋಜನೆಯು ಪ್ರಾರಂಭವಾದ 1952ರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹುಟ್ಟಿಕೊಂಡವು. ರೋಗಿಗೆ ಔಷಧ ಕೊಡುವ ವೈದ್ಯ ಇಲಾಖೆಯೂ ರೋಗ ಬಾರದಂತೆ ತಡೆಯುವ ಸಾರ್ವಜನಿಕ ಆರೋಗ್ಯ ಇಲಾಖೆಯೂ ಅನೇಕ ವರ್ಷ ಬೇರೆ ಬೇರೆಯಾಗಿಯೇ ಇದ್ದು, 1965ರಲ್ಲಿ ಒಂದೇ ನಿರ್ದೇಶನಾಲಯದಲ್ಲಿ ವಿಲೀನವಾದವು.

ಸಿಡುಬಿಗೆ ಒಬ್ಬ, ಮಲೇರಿಯಾಕ್ಕೆ ಮತ್ತೊಬ್ಬ, ಹೆರಿಗೆಗೆ ಇನ್ನೊಬ್ಬಾಕೆ ಎಂದು ಹಂಚಿಹೋಗಿದ್ದ ಕ್ಷೇತ್ರಕಾರ್ಯವು ಕರ್ತಾರ್ ಸಿಂಗ್ ಸಮಿತಿಯ 1973ರ ಶಿಫಾರಸಿನ ತರುವಾಯ ಒಬ್ಬ ಪುರುಷ ಮತ್ತು ಒಬ್ಬ ಮಹಿಳೆಯ ವಿವಿಧೋದ್ದೇಶ ಕಾರ್ಯವಾಗಿ ಪರಿಣಮಿಸಿತು. ಬಯಲುಸೀಮೆಯಲ್ಲಿ 5,000 ಜನರಿಗೊಂದು ಉಪಕೇಂದ್ರ, 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಇಂದಿಗೂ ಅನುಸರಿಸಲಾಗುವ ಮಾನದಂಡ. ಅದಕ್ಕಿಂತ ಮೇಲೆ ಸಮುದಾಯ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಕೊನೆಗೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ. ತಾಲ್ಲೂಕು ಆರೋಗ್ಯಾಧಿಕಾರಿಯು ತನ್ನ ವ್ಯಾಪ್ತಿಯ ಕೇಂದ್ರಗಳ ಮೇಲ್ವಿಚಾರಣೆಯನ್ನು ನೋಡಿಕೊಂಡರೆ, ಕ್ಷೇತ್ರ ಆರೋಗ್ಯ ಶಿಕ್ಷಣಾಧಿಕಾರಿಯು ಶಾಲೆ, ಸಂತೆ, ಜಾತ್ರೆ, ಸ್ತ್ರೀಶಕ್ತಿ ಸಂಘಗಳ ಸಭೆಗಳಲ್ಲಿ ಆರೋಗ್ಯದ ತಿಳಿವಳಿಕೆಯನ್ನು ಹರಡುವ ಹೊಣೆ ಹೊರುತ್ತಾನೆ. ಆದರೆ ಈ ಎಲ್ಲ ಸೋಪಾನದ ಕೆಳಮೆಟ್ಟಿಲಲ್ಲಿ, 2005ರ ಏಪ್ರಿಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರಂತೆ ನಿಯೋಜಿಸಿದ ಆಶಾ ಕಾರ್ಯಕರ್ತೆಯಿದ್ದಾಳೆ; ಅವಳು ಅದೇ ಊರಿನವಳು, ಆ ಊರಿನ ಸೊಸೆ, ಯಾರ ಮನೆಯಲ್ಲಿ ಬಸುರಿಯಿದ್ದಾಳೆ, ಯಾರ ಮನೆಯ ಮುದುಕನಿಗೆ ಕೆಮ್ಮು ಹದಿನೈದು ದಿನವಾದರೂ ಬಿಟ್ಟಿಲ್ಲ ಎಂಬುದು ಇಲಾಖೆಯ ಕಡತಕ್ಕಿಂತ ಮುಂಚೆ ಅವಳಿಗೆ ಗೊತ್ತು. ಇಡೀ ವ್ಯವಸ್ಥೆಯ ಸತ್ತ್ವವು ಅವಳ ನಡಿಗೆಯಲ್ಲಿಯೂ ಅವಳ ಮಾತಿಗೆ ಮನೆಯವರು ಕೊಡುವ ಬೆಲೆಯಲ್ಲಿಯೂ ಅಡಗಿದೆಯೆಂದರೆ ಅತ್ಯುಕ್ತಿಯಾಗದು.

ಹೆರಿಗೆಯ ವಿಷಯದಲ್ಲಿ ಇದರ ಫಲವು ಸ್ಪಷ್ಟವಾಗಿ ಕಾಣುತ್ತದೆ. ಕರ್ನಾಟಕದಲ್ಲಿ 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕಾಲಕ್ಕೆ ಶೇಕಡಾ 65ರಷ್ಟು ಹೆರಿಗೆಗಳು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದು, 2019–21ರ ಸಮೀಕ್ಷೆಯ ವೇಳೆಗೆ ಆ ಪ್ರಮಾಣವು ಶೇಕಡಾ 97ಕ್ಕೇರಿತು; ಲಕ್ಷ ಜೀವಂತ ಜನನಗಳಿಗೆ 2004–06ರಲ್ಲಿ 213ರಷ್ಟಿದ್ದ ತಾಯಂದಿರ ಮರಣವು 2018–20ರಲ್ಲಿ 69ಕ್ಕೆ ಇಳಿಯಿತು. 2008ರ ನವೆಂಬರ್‌ನಲ್ಲಿ ಬಂದ 108 ಆರೋಗ್ಯ ಕವಚ ಆಂಬುಲೆನ್ಸ್ ಇದಕ್ಕೆ ನೆರವಾಯಿತು. ಆದರೂ ವಾಹನವು ಬರುವುದು ಕರೆದ ಮೇಲೆ. ಕರೆಯಬೇಕೆಂದು ಅತ್ತೆಗೂ ಗಂಡನಿಗೂ ತಿಂಗಳುಗಟ್ಟಲೆ ಹೇಳಿ, ತಾಯಿ ಕಾರ್ಡು ಮಾಡಿಸಿ, ಕಬ್ಬಿಣಾಂಶದ ಮಾತ್ರೆ ನುಂಗಿದಳೋ ಇಲ್ಲವೋ ಎಂದು ವಿಚಾರಿಸಿದವರು ಕಾಲ್ನಡಿಗೆಯ ಕಾರ್ಯಕರ್ತೆಯರೇ. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು ಮತ್ತು ನಲವತ್ತೆರಡನೆಯ ದಿನಗಳಂದು ಆಶಾ ಹೋಗಿ ಕೂಸಿನ ತೂಕ, ಮೈಬಿಸಿ, ಉಸಿರಾಟಗಳನ್ನು ಪರೀಕ್ಷಿಸುವುದು ನಿಯಮ. ಬಾಣಂತನಕ್ಕೆ ತವರಿಗೆ ಹೋಗುವುದು ನಮ್ಮ ಕಡೆಯ ವಾಡಿಕೆಯಾದ್ದರಿಂದ, ಹೊನ್ನಾಳಿಯ ಬಾಣಂತಿಯ ಕೂಸನ್ನು ಜಗಳೂರಿನ ಕಾರ್ಯಕರ್ತೆ ನೋಡಿಕೊಳ್ಳಬೇಕಾಗುವ ಪ್ರಸಂಗಗಳು ಸಾಮಾನ್ಯ. ಇಬ್ಬರ ನಡುವೆ ಸುದ್ದಿ ತಪ್ಪಿದರೆ ಮಗುವಿನ ಒಂದು ಲಸಿಕೆ ತಪ್ಪಿತೆಂದೇ ಅರ್ಥ.

ನ್ಯಾಮತಿ ಮತ್ತು ಚನ್ನಗಿರಿ ಸೀಮೆಯ ಲಂಬಾಣಿ ತಾಂಡಗಳು ಇಲಾಖೆಯ ವಿಶೇಷ ಗಮನವನ್ನು ಬೇಡುತ್ತವೆ. ದುಡಿಮೆಗಾಗಿ ಋತುಮಾನಕ್ಕೆ ಅನುಸಾರವಾಗಿ ಊರು ಬಿಡುವ ಕುಟುಂಬಗಳ ಮಕ್ಕಳು ಲಸಿಕೆಯ ದಿನಕ್ಕೆ ಸಿಕ್ಕದೆ ಹೋಗುವುದುಂಟು. ಮನೆಯೊಳಗಿನ ಮಾತು ಲಂಬಾಣಿಯಾದ್ದರಿಂದ ಕನ್ನಡದಲ್ಲಿ ಅಚ್ಚಾದ ಕರಪತ್ರವು ಅಜ್ಜಿಯ ಮನಸ್ಸನ್ನು ಮುಟ್ಟುವುದಿಲ್ಲ, ತಾಂಡದವಳೇ ಆದ ಆಶಾಳ ಮಾತು ಮುಟ್ಟುತ್ತದೆ. ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜ್ಯವಾದ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಫೆಬ್ರವರಿ ಮಧ್ಯದಲ್ಲಿ ನೆರೆಯುವ ಜಾತ್ರೆಗೆ ಮಾಲಾಧಾರಿಗಳು ದೂರದೂರದಿಂದ, ಹಲವರು ಕಾಲ್ನಡಿಗೆಯಲ್ಲಿ, ಬರುತ್ತಾರೆ. ಇಂಥ ನೆರವಿಯಲ್ಲಿ ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸುವುದು, ಅನ್ನಸಂತರ್ಪಣೆಯ ಸ್ಥಳದ ಶುಚಿತ್ವವನ್ನು ನೋಡುವುದು, ಬೊಬ್ಬೆಯೆದ್ದ ಕಾಲುಗಳಿಗೆ ಮುಲಾಮು ಹಚ್ಚುವುದು ಕಣ್ಣಿಗೆ ಬೀಳದ ಕಾರ್ಯಗಳಾದರೂ, ವಾಂತಿಭೇದಿ ಹರಡದೆ ಜಾತ್ರೆ ಮುಗಿಯುವುದು ಇವುಗಳಿಂದಲೇ.

ಡೆಂಗಿ ಜ್ವರದ ವಿಷಯದಲ್ಲಿ ನೀರಿರುವ ಊರಿಗೂ ನೀರಿಲ್ಲದ ಊರಿಗೂ ಇರುವ ಸಾಮ್ಯವು ಗಮನಾರ್ಹವಾದುದು. ಅಡಿಕೆ ತೋಟಗಳಲ್ಲಿ ಕಳಚಿಬಿದ್ದ ಹಾಳೆಯ ಮಡಿಕೆಯಲ್ಲಿ ಮಳೆಯ ನೀರು ನಿಂತು ಈಡಿಸ್ ಸೊಳ್ಳೆಗೆ ಆಶ್ರಯವಾಗುತ್ತದೆ. ಜಗಳೂರಿನ ಕಡೆ ನಲ್ಲಿಯಲ್ಲಿ ನೀರು ಬರುವುದೇ ಅಪರೂಪವಾದಾಗ ಡ್ರಮ್ಮು, ಬಾನಿ, ಸಿಮೆಂಟು ತೊಟ್ಟಿಗಳಲ್ಲಿ ವಾರಗಟ್ಟಲೆ ಕೂಡಿಟ್ಟ ನೀರೇ ಅದರ ತೊಟ್ಟಿಲಾಗುತ್ತದೆ. ಮೊಟ್ಟೆಯು ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಬೇಕಾದ್ದರಿಂದ, ವಾರಕ್ಕೊಮ್ಮೆ ಪಾತ್ರೆಯನ್ನು ಬರಿದುಮಾಡಿ ಉಜ್ಜಿ ಒಣಗಿಸಿದರೆ ಸಂತತಿಯು ಅಲ್ಲಿಗೇ ಕಡಿಯುತ್ತದೆ. ರಾಜ್ಯದಲ್ಲಿ ರೋಗವು ಉಲ್ಬಣಗೊಂಡ 2024ರಲ್ಲಿ ಪ್ರತಿ ಶುಕ್ರವಾರ ಲಾರ್ವಾ ನಾಶದ ಕಾರ್ಯವನ್ನು ಕೈಗೊಳ್ಳಲು ಸರ್ಕಾರವು ಸೂಚಿಸಿದ್ದರ ಹಿಂದೆ ಇದೇ ಲೆಕ್ಕವಿದೆ. ನೀರಿಗಾಗಿ ಅರ್ಧ ದಿನ ಕಾದು ತುಂಬಿಸಿಟ್ಟ ಗೃಹಿಣಿಗೆ ಅದನ್ನು ಚೆಲ್ಲೆಂದು ಹೇಳುವುದು ನ್ಯಾಯವಲ್ಲ. ಆದುದರಿಂದ ಇಂಥಲ್ಲಿ ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ ಮುಚ್ಚುವುದನ್ನು, ದೊಡ್ಡ ತೊಟ್ಟಿಗಳಲ್ಲಿ ಲಾರ್ವಾ ತಿನ್ನುವ ಗಪ್ಪಿ, ಗಂಬೂಸಿಯಾ ಮೀನುಗಳನ್ನು ಬಿಡುವುದನ್ನು ಕಲಿಸಬೇಕಾಗುತ್ತದೆ.

ಜಗಳೂರಿನ ಇನ್ನೊಂದು ಬಾಧೆ ಫ್ಲೋರೈಡು. ಮಳೆ ಕಡಿಮೆಯಾಗಿ ಕೊಳವೆಬಾವಿಗಳು ಆಳಕ್ಕಿಳಿದಂತೆಲ್ಲ ಬಂಡೆಯೊಳಗಿನ ಲವಣವನ್ನು ಹೀರಿದ ನೀರು ಮೇಲೆ ಬರುತ್ತದೆ, ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಕಲೆಗಳೂ, ಬಹುಕಾಲ ಕುಡಿದವರ ಬೆನ್ನು ಮಂಡಿಗಳಲ್ಲಿ ಬಿಗಿತವೂ ಕಾಣಿಸಿಕೊಳ್ಳುತ್ತವೆ. ಇದಕ್ಕೆ ಗುಳಿಗೆಯಿಲ್ಲ, ನೀರನ್ನು ಬದಲಿಸುವುದೊಂದೇ ಪರಿಹಾರ. ಶುದ್ಧ ಕುಡಿಯುವ ನೀರಿನ ಘಟಕಗಳೂ, ತುಂಗಭದ್ರೆಯ ನೀರನ್ನು ತಾಲ್ಲೂಕಿನ ಐವತ್ತೇಳು ಕೆರೆಗಳಿಗೆ ತುಂಬಿಸುವ ಯೋಜನೆಯೂ ಆರೋಗ್ಯ ಇಲಾಖೆಯವಲ್ಲದಿದ್ದರೂ ಆರೋಗ್ಯದ ಕಾರ್ಯಗಳೇ ಸರಿ.

ಇದೇ ಜಗಳೂರು ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿ ನಾಡಿಗೆ ತಿಳಿದಿರಬೇಕಾದ ಪ್ರಯೋಗವೊಂದಕ್ಕೆ ನೆಲೆಯಾಯಿತು. ಕರ್ನಾಟಕಕ್ಕೆ ಈ ವಿಷಯದಲ್ಲಿ ಪರಂಪರೆಯುಂಟು: ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1970ರ ದಶಕದಲ್ಲಿ ಸಕಲವಾರದ ಗ್ರಾಮೀಣ ಕೇಂದ್ರದಲ್ಲಿಯೂ, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೂ ಮನೋರೋಗಗಳ ಚಿಕಿತ್ಸೆಯನ್ನು ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲಿಯೇ ಕೊಡಬಹುದೆಂದು ತೋರಿಸಿತ್ತು, ಬಳ್ಳಾರಿಯ ಮಾದರಿಯೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾಯಿತು. ನಟಿ ದೀಪಿಕಾ ಪಡುಕೋಣೆಯವರು 2015ರಲ್ಲಿ ಸ್ಥಾಪಿಸಿದ ಲಿವ್ ಲವ್ ಲಾಫ್ ಪ್ರತಿಷ್ಠಾನವು, ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಎಂಬ ಸ್ವಯಂಸೇವಾ ಸಂಸ್ಥೆಯೊಡನೆ, 2016ರಿಂದ ದಾವಣಗೆರೆ ಜಿಲ್ಲೆಯಲ್ಲಿ ಆರಂಭಿಸಿದ ಗ್ರಾಮೀಣ ಕಾರ್ಯವು ಜಗಳೂರನ್ನೂ ಒಳಗೊಂಡಿತ್ತು. ತೀವ್ರ ಮನೋರೋಗದಿಂದ ಬಳಲುವವರನ್ನು ಗುರುತಿಸುವಲ್ಲಿ ಆಶಾ ಕಾರ್ಯಕರ್ತೆಯರು ನೆರವಾದರು. ನಿಮ್ಹಾನ್ಸ್‌ನ ಮನೋವೈದ್ಯರು ಬೆಂಗಳೂರಿನಿಂದಲೇ ದೂರಸಂಪರ್ಕದ ಮೂಲಕ ರೋಗಿಗಳನ್ನು ನೋಡಿ ಸಲಹೆಯಿತ್ತರು. ದೇವರು ಬಂದಿದೆಯೆಂದೋ ಮಾಟವೆಂದೋ ಭಾವಿಸಿ, ಇದ್ದ ತುಂಡು ಹೊಲವನ್ನೂ ಒತ್ತೆಯಿಟ್ಟು ಹರಕೆಗೆ ಸವೆದುಹೋಗುವ ಕುಟುಂಬಗಳಿಗೆ, ತಿಂಗಳ ಮಾತ್ರೆಯು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿಯೇ ಸಿಕ್ಕುವುದೆಂಬುದು ಎಂಥ ಬಿಡುಗಡೆಯೆಂಬುದನ್ನು ಅಂಕಿಅಂಶಗಳು ಹೇಳಲಾರವು. ರೋಗ ಹತೋಟಿಗೆ ಬಂದ ಮೇಲೆ ಅಂಗವೈಕಲ್ಯದ ಪ್ರಮಾಣಪತ್ರ, ಮಾಸಾಶನ, ಮತ್ತೆ ದುಡಿಮೆಗೆ ಮರಳುವ ದಾರಿ, ಇವುಗಳವರೆಗೂ ಪುನರ್ವಸತಿಯು ವ್ಯಾಪಿಸಬೇಕೆಂಬುದು ಇಂಥ ಕಾರ್ಯದ ಮುಖ್ಯ ತಿಳಿವಳಿಕೆ.

ಈ ಎಲ್ಲ ಕಾರ್ಯಗಳೂ ಸಿಬ್ಬಂದಿಯನ್ನೇ ಅವಲಂಬಿಸಿರುವುದರಿಂದ ಅವರ ವರ್ಗಾವಣೆ, ನೇಮಕ, ನಿವೃತ್ತಿಗಳನ್ನು ಇಲಾಖೆಯ ಒಳಸುದ್ದಿಯೆಂದು ಕಡೆಗಣಿಸುವುದು ಉಚಿತವಲ್ಲ. ಹತ್ತು ವರ್ಷ ಒಂದೇ ಉಪಕೇಂದ್ರದಲ್ಲಿದ್ದು ಮನೆಮನೆಯ ಹೆಸರು ಬಲ್ಲ ದಾದಿಯೊಬ್ಬಳು ಹೊರಟುಹೋದರೆ ಅದು ಆ ಊರಿಗೆ ಸಾರ್ವಜನಿಕ ಘಟನೆಯೇ ಆಗಿರುತ್ತದೆ. ವೈದ್ಯರ ಮತ್ತು ಇತರ ಸಿಬ್ಬಂದಿಯ ವರ್ಗಾವಣೆಯನ್ನು ನಿಯಂತ್ರಿಸಲು 2011ರಲ್ಲಿಯೂ, ವೈದ್ಯ ಪದವೀಧರರು ಒಂದು ವರ್ಷ ಕಡ್ಡಾಯ ಸೇವೆ ಸಲ್ಲಿಸಬೇಕೆಂದು 2012ರಲ್ಲಿಯೂ ರಾಜ್ಯವು ಅಧಿನಿಯಮಗಳನ್ನು ರಚಿಸಿತು. ಕಿರಿಯ ಆರೋಗ್ಯ ಸಹಾಯಕಿಯರಿಗೆ ಈಚೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಾ ಅಧಿಕಾರಿಗಳೆಂಬ, ಪುರುಷ ಸಹಾಯಕರಿಗೆ ಆರೋಗ್ಯ ನಿರೀಕ್ಷಣಾಧಿಕಾರಿಗಳೆಂಬ ಪದನಾಮ ಪ್ರಾಪ್ತವಾಗಿದೆ. ಉಪಕೇಂದ್ರಗಳು ಆಯುಷ್ಮಾನ್ ಆರೋಗ್ಯ ಮಂದಿರಗಳಾಗಿ, ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳು ಗುತ್ತಿಗೆಯ ಆಧಾರದ ಮೇಲೆ ಬಂದಿದ್ದಾರೆ. ಗುತ್ತಿಗೆಯ ಅನಿಶ್ಚಯವೂ, ಆಶಾ ಕಾರ್ಯಕರ್ತೆಯರಿಗೆ ವೇತನವಲ್ಲದೆ ಗೌರವಧನ, ಪ್ರೋತ್ಸಾಹಧನಗಳಷ್ಟೇ ದೊರೆಯುವುದೂ ಈ ವ್ಯವಸ್ಥೆಯ ದೊಡ್ಡ ಕೊರತೆಗಳು. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಅಹೋರಾತ್ರಿ ಧರಣಿ ಕುಳಿತು, ತಿಂಗಳಿಗೆ ಕನಿಷ್ಠ 10,000 ರೂಪಾಯಿ ದೊರೆಯುವಂತೆ ಮಾಡುವ ಭರವಸೆಯನ್ನು ಸರ್ಕಾರದಿಂದ ಪಡೆದರು. ಅದರ ಜಾರಿಗಾಗಿ ಅದೇ ವರ್ಷ ಅವರು ಮತ್ತೆ ಬೀದಿಗಿಳಿಯಬೇಕಾಯಿತು. ಕೋವಿಡ್ ಕಾಲದಲ್ಲಿ ಸೋಂಕಿತರ ಮನೆಯ ಬಾಗಿಲು ತಟ್ಟಿದ ಕೈಗಳಿಗೆ ನಿಶ್ಚಿತ ವೇತನವಿಲ್ಲವೆಂಬುದು ಖೇದಕರ ಸಂಗತಿ.

ರಕ್ತದೊತ್ತಡ, ಮಧುಮೇಹ, ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ಮೊದಲಾದವುಗಳ ತಪಾಸಣೆಯನ್ನು ಮೂವತ್ತು ದಾಟಿದವರ ಮನೆಬಾಗಿಲಿಗೇ ಒಯ್ಯುವ ಗೃಹ ಆರೋಗ್ಯ ಯೋಜನೆಯು 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಲ್ಲಿ ಪ್ರಾರಂಭವಾಗಿ ಮರುವರ್ಷ ರಾಜ್ಯಕ್ಕೆಲ್ಲ ವಿಸ್ತರಿಸಿತು. ಇದರಿಂದ ಈ ತಾಲ್ಲೂಕುಗಳ ಕಾರ್ಯಕರ್ತೆಯರ ಸುತ್ತಾಟಕ್ಕೆ ಬಾಣಂತಿ, ಕೂಸುಗಳ ಜೊತೆಗೆ ಮಧ್ಯವಯಸ್ಕರೂ ವೃದ್ಧರೂ ಸೇರಿದ್ದಾರೆ.