ಗಾಜಿನ ತೊಟ್ಟಿಯಲ್ಲಿ ಹವಳ

ಮನೆಯ ತೊಟ್ಟಿಯಲ್ಲಿ ಹವಳ ಸಾಕುವವರು ಪಂಪಿಗೇಕೆ ಅಷ್ಟೊಂದು ಖರ್ಚು ಮಾಡುತ್ತಾರೆ? ಉತ್ತರ ಬೇಕಾದರೆ ನೀವು 1846ಕ್ಕೆ ಹೋಗಬೇಕು. ಆ ವರ್ಷ ಆನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಟಾರ್ಕೀ ಕರಾವಳಿಯಿಂದ ಕಲ್ಲುಹವಳಗಳನ್ನು ಜಾಡಿಯಲ್ಲಿ ಲಂಡನ್ನಿಗೆ ತಂದರು. ಅವು ತಂಪು ಕಡಲಿನ ಒಂಟಿ ಹವಳಗಳು, ದಿಬ್ಬ ಕಟ್ಟುವಂಥವಲ್ಲ. ಲಂಡನ್ನಿನಲ್ಲಿ ಕಡಲನೀರು ಬೇಕೆಂದಾಗ ಸಿಗುವಂತಿರಲಿಲ್ಲ. ಆದ್ದರಿಂದ ಮನೆಗೆಲಸದಾಕೆ ತೆರೆದ ಕಿಟಕಿಯ ಮುಂದೆ ನಿಂತು, ಅದೇ ನೀರನ್ನು ಅರ್ಧ-ಮುಕ್ಕಾಲು ಗಂಟೆ ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದಳು. ನಾವು ಬಿಸಿ ಕಾಫಿ ಆರಿಸುತ್ತೇವಲ್ಲ, ಹಾಗೆ!

ಲೆಕ್ಕ ನೋಡಿ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಷ್ಟೇ ಕಡಲನೀರು ಗಾಳಿಯಿಂದ ಕರಗಿಸಿಕೊಳ್ಳುವುದು ಹೆಚ್ಚುಕಡಿಮೆ 7 ಮಿಲಿಗ್ರಾಂ. ನಿಂತ ನೀರಿನಲ್ಲಿ ಅದು ಕೆಳಕ್ಕೆ ಹರಡುವುದೂ ಬಹಳ ನಿಧಾನ. ಸುರಿದಾಗ ಗಾಳಿ ತಾಗುವ ಮೇಲ್ಮೈ ಹೆಚ್ಚುತ್ತದೆ, ನೀರೂ ಕಲಕುತ್ತದೆ. ಮುಂದೆ ಥಿನ್ ಕಡಲಪಾಚಿಯನ್ನೂ ಬೆಳೆಸಿದರು. ಬೆಳಕಿನಲ್ಲಿ ಅದು ಆಮ್ಲಜನಕ ಕೊಡುತ್ತದೆ. ಆದರೂ ಮೊದಲ ಪಂಪು ಆ ಕೆಲಸದಾಕೆಯ ತೋಳೇ ಎಂದು ನನ್ನ ಭಾವನೆ.

ಬೆಚ್ಚನೆಯ ಕಡಲಿನ ಹವಳದ ವಿಷಯಕ್ಕೆ ಬಂದರೆ, ಇಂಡೊನೇಷ್ಯಾದ ಲೀ ಚಿನ್ ಎಂಗ್ ತಮ್ಮ ವಿಧಾನವನ್ನು 1961ರಲ್ಲಿ ಅಮೆರಿಕದ ಹವ್ಯಾಸಿ ಪತ್ರಿಕೆಯೊಂದರಲ್ಲಿ ವಿವರಿಸಿದರು: ಕಡಲಿನಿಂದ ತಂದ ಜೀವಂತ ಬಂಡೆ, ಬಿಸಿಲು, ಗಾಳಿಗುಳ್ಳೆ, ಇಷ್ಟೇ. ಬಂಡೆಯ ಮೇಲಿನ ಬ್ಯಾಕ್ಟೀರಿಯಗಳು ವಿಷಕಾರಿ ಅಮೋನಿಯವನ್ನು ನೈಟ್ರೇಟ್ ಆಗಿಸುತ್ತವೆ. ಆಮ್ಲಜನಕವಿಲ್ಲದ ಒಳರಂಧ್ರಗಳಲ್ಲಿ ಬೇರೆ ಬ್ಯಾಕ್ಟೀರಿಯಗಳು ಅದನ್ನು ಸಾರಜನಕವಾಗಿಸಿ ಹೊರಬಿಡುತ್ತವೆ.

ಇದನ್ನೋದಿ ನೇತ್ರಾಣಿಯ ಕಡೆಗೆ ದೋಣಿ ಹತ್ತಬೇಡಿ. ಕಲ್ಲುಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೇ ಅನುಸೂಚಿಯಲ್ಲಿವೆ; ಅಲ್ಲಿಂದ ಒಂದು ತುಂಡು ಕಿತ್ತು ತಂದರೂ ಅಪರಾಧ.